ಬೀಜವನ್ನು ಒಡೆದು ನೋಡುವ ವಿದ್ಯೆ: ಶೈಶವದ ಕಲಿಕೆ, ಪ್ರಕೃತಿ ಮತ್ತು ಶ್ರದ್ಧೆ

ಮೂರರಿಂದ ಆರು ವರ್ಷದ ಮಕ್ಕಳು ಮಣ್ಣು, ನೀರು, ಎಲೆ, ಬೀಜ, ಹುಳುಹುಪ್ಪಟೆಗಳನ್ನು ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ, ಬಿಡಿಸಿ ಜೋಡಿಸಿ ಕಲಿಯಬೇಕು ಎಂಬ ಮಾತನ್ನು ಇಂದು ಶಿಕ್ಷಣದ ವಿಚಾರದಲ್ಲಿ ಆಸಕ್ತಿಯುಳ್ಳವರು ಸಾಮಾನ್ಯವಾಗಿ ತಳ್ಳಿಹಾಕುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಬುನಾದಿ ಹಂತವೆಂದು ಗುರುತಿಸಿ, ಆಟ ಮತ್ತು ಚಟುವಟಿಕೆಗಳೇ ಆ ಹಂತದ ಕಲಿಕೆಯ ದಾರಿ ಎಂದು ಹೇಳಿದೆ. 2022ರಲ್ಲಿ ಹೊರಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತೈತ್ತಿರೀಯ ಉಪನಿಷತ್ತಿನ ಪಂಚಕೋಶಗಳ ಕಲ್ಪನೆಯನ್ನು, ಎಂದರೆ ಅನ್ನಮಯದಿಂದ ಆನಂದಮಯದವರೆಗೆ ಮನುಷ್ಯನ ಇರವು ಐದು ಪದರಗಳಲ್ಲಿ ಹಬ್ಬಿದೆ ಎಂಬ ನಿರೂಪಣೆಯನ್ನು, ಮಗುವಿನ ಬೆಳವಣಿಗೆಯ ವಿವರಣೆಗೆ ಬಳಸಿಕೊಂಡಿದೆ. ಕೈಯಿಂದ ಮಾಡಿ ಕಲಿಯುವುದನ್ನು ಮನಶ್ಶಾಸ್ತ್ರವೂ ಸಮರ್ಥಿಸುತ್ತದೆ, ಆಡಳಿತವೂ ಒಪ್ಪಿಕೊಂಡಿದೆ. ಹೀಗಿರುವಾಗ ವಿಚಾರ ಮಾಡುವುದಕ್ಕೆ ಉಳಿದದ್ದು ಏನೂ ಇಲ್ಲ ಎಂದು ತೋರುವುದು ಸಹಜ.

ಆದರೆ ಈ ಒಮ್ಮತದ ಅಡಿಯಲ್ಲಿ ಎರಡು ಹಳೆಯ ಪ್ರಶ್ನೆಗಳು ಇತ್ಯರ್ಥವಾಗದೆ ಉಳಿದಿವೆ. ಮೊದಲನೆಯದು ಪ್ರಮಾಣಶಾಸ್ತ್ರದ, ಎಂದರೆ ಸರಿಯಾದ ಅರಿವು ಯಾವ ಸಾಧನದಿಂದ ಹುಟ್ಟುತ್ತದೆ ಎಂಬುದನ್ನು ವಿಚಾರಿಸುವ ಶಾಸ್ತ್ರದ ಪ್ರಶ್ನೆ: ಮುಟ್ಟಿದ ಮಾತ್ರಕ್ಕೆ ಮಗುವಿಗೆ ತಿಳಿದಂತಾಗುತ್ತದೆಯೇ, ಅಥವಾ ತಿಳಿಯುವುದಕ್ಕೆ ಹಿರಿಯರ ಮಾತೂ ಬೇಕೆ? ಎರಡನೆಯದು ಧರ್ಮದ ಪ್ರಶ್ನೆ: ಪ್ರಕೃತಿಯನ್ನು ಹುಡುಕಿ ನೋಡುವ ಮಗುವಿಗೆ ದಕ್ಕುವುದು ವಸ್ತುಗಳ ಪರಿಚಯವಷ್ಟೆಯೋ, ಇಲ್ಲ ವಸ್ತುಗಳನ್ನು ಮೀರಿದ ಒಂದು ನೆಲೆಯ ಕಡೆಗೆ ಮನಸ್ಸು ತಿರುಗುವ ದಾರಿಯೋ? ಶಿಶುಶಿಕ್ಷಣದ ಮುಖ್ಯ ಪ್ರವರ್ತಕರಲ್ಲಿ ಈ ಎರಡೂ ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಭಾರತೀಯ ದರ್ಶನಗಳಲ್ಲಿಯೂ ಹಾಗೆಯೇ. ಈ ಎರಡು ಪರಂಪರೆಗಳನ್ನು ಜೊತೆಗಿಟ್ಟು ನೋಡಿದರೆ, ಕೈಯಿಂದ ಕಲಿಯುವುದರ ಧಾರ್ಮಿಕ ಮಹತ್ವವು ಮಗು ಏನನ್ನು ಕಂಡುಕೊಳ್ಳುತ್ತದೆ ಎಂಬುದಕ್ಕಿಂತ ಹೆಚ್ಚಾಗಿ, ಕಾಣುವುದು ಎಲ್ಲಿ ಮುಗಿಯುತ್ತದೆ ಎಂಬುದನ್ನು ಅದು ತಾನೇ ಅನುಭವಿಸುವುದರಲ್ಲಿದೆ ಎಂದು ವಾದಿಸಲು ಅವಕಾಶವಿದೆ.

ಯುರೋಪಿನಲ್ಲಿ ಈ ಚರ್ಚೆಗೆ ಆಧುನಿಕ ರೂಪ ಕೊಟ್ಟ ಕೃತಿ 1762ರಲ್ಲಿ ಪ್ರಕಟವಾದ ರೂಸೋನ ‘ಎಮಿಲ್’. ಪುಸ್ತಕಕ್ಕಿಂತ ಮೊದಲು ವಸ್ತು, ಉಪದೇಶಕ್ಕಿಂತ ಮೊದಲು ಪರಿಣಾಮ ಎಂಬುದು ಅವನ ಸೂತ್ರ. ದೇವರ ಮಾತನ್ನು ಬಾಲ್ಯದಲ್ಲಿ ಎತ್ತಲೇಬಾರದು, ತರ್ಕಶಕ್ತಿ ಬಲಿತ ಮೇಲೆ ಮಾತ್ರ ಅದು ಬರಬೇಕು ಎಂಬುದು ಅವನ ನಿಲುವು. ಕೃತಿಯ ನಾಲ್ಕನೆಯ ಭಾಗದಲ್ಲಿ ಸವಾಯ್ ಪ್ರಾಂತದ ಪಾದ್ರಿಯೊಬ್ಬನ ಬಾಯಿಂದ ಹೇಳಿಸಿದ ನಿಸರ್ಗಧರ್ಮದ ನಿರೂಪಣೆಯ ಕಾರಣಕ್ಕೆ ಪ್ಯಾರಿಸ್ಸಿನಲ್ಲಿಯೂ ಜಿನೀವಾದಲ್ಲಿಯೂ ಪುಸ್ತಕವನ್ನು ಸುಡಲಾಯಿತು. ಆದರೆ ಅದೇ ಕೃತಿಯ ಎರಡನೆಯ ಭಾಗದ ಒಂದು ಪ್ರಸಂಗ ಇಲ್ಲಿ ಹೆಚ್ಚು ಉಪಯುಕ್ತ. ಎಮಿಲ್ ಎಂಬ ಹುಡುಗ ತನ್ನ ಗುರುವಿನೊಡನೆ ಅವರೆಯ ಜಾತಿಯ ಬೀಜಗಳನ್ನು ಬಿತ್ತಿ ದಿನವೂ ನೀರು ಹಾಕಿ ಸಂಭ್ರಮಪಡುತ್ತಾನೆ. ಒಂದು ದಿನ ಬಂದು ನೋಡಿದರೆ ಗಿಡಗಳನ್ನೆಲ್ಲ ಯಾರೋ ಕಿತ್ತು ಹಾಕಿದ್ದಾರೆ. ವಿಚಾರಿಸಿದಾಗ, ಆ ನೆಲದಲ್ಲಿ ತಾನು ಮೊದಲೇ ಹಾಕಿದ್ದ ಕರ್ಬೂಜದ ಬೀಜಗಳನ್ನು ಇವರು ಹಾಳುಮಾಡಿದರೆಂದು ತೋಟಗಾರ ರಾಬರ್ಟ್ ತಿರುಗಿ ದೂರುತ್ತಾನೆ. ಬೀಜದಿಂದ ಶುರುವಾದ ಪಾಠ ಆಸ್ತಿಯ ಹಕ್ಕಿನ ಪಾಠವಾಗಿ ಮುಗಿಯುತ್ತದೆ. ಮೇಲುನೋಟಕ್ಕೆ ಇಲ್ಲಿ ಕಲಿಸುತ್ತಿರುವುದು ನಿಸರ್ಗ. ವಾಸ್ತವದಲ್ಲಿ ಗುರು ಮೊದಲೇ ಹೂಡಿದ ನಾಟಕದ ರಂಗಸಜ್ಜಿಕೆಯಾಗಿ ಮಾತ್ರ ನಿಸರ್ಗ ಅಲ್ಲಿದೆ. ಪ್ರಕೃತಿಯ ಹೆಸರಿನಲ್ಲಿ ನಡೆಯುವ ಬಹುಪಾಲು ಪಾಠಗಳನ್ನು ಇಂದಿಗೂ ಬಾಧಿಸುವ ದೋಷ ಇದೇ ಆಗಿದೆ.

ರೂಸೋ ದೇವರನ್ನು ಮುಂದಕ್ಕೆ ಹಾಕಿದರೆ, ಫ್ರೆಡ್ರಿಕ್ ಫ್ರೋಬೆಲ್ ದೇವರಿಂದಲೇ ಆರಂಭಿಸಿದ. 1782ರಲ್ಲಿ ಜರ್ಮನಿಯ ತುರಿಂಗಿಯಾ ಪ್ರಾಂತದ ಲೂಥರನ್ ಪಾದ್ರಿಯೊಬ್ಬನ ಮಗನಾಗಿ ಹುಟ್ಟಿ, ಶೈಶವದಲ್ಲಿಯೇ ತಾಯಿಯನ್ನು ಕಳೆದುಕೊಂಡು, ಹದಿಹರೆಯದಲ್ಲಿ ಅರಣ್ಯಾಧಿಕಾರಿಯೊಬ್ಬನ ಬಳಿ ಕೆಲಸ ಕಲಿತು, ಮುಂದೆ ಇವರ್ಡನ್‌ನಲ್ಲಿ ಶಿಕ್ಷಣತಜ್ಞ ಪೆಸ್ಟಲಾಜಿಯ ಶಾಲೆಯಲ್ಲಿದ್ದು, ಬರ್ಲಿನ್ನಿನಲ್ಲಿ ಸ್ಫಟಿಕಶಾಸ್ತ್ರಜ್ಞ ವೈಸ್‌ನ ಸಹಾಯಕನಾಗಿ ದುಡಿದ ಈತನಿಗೆ, ಮರದ ಬೆಳವಣಿಗೆಯಲ್ಲಿಯೂ ಹರಳಿನ ಮುಖಗಳಲ್ಲಿಯೂ ಮನುಷ್ಯನ ಮನಸ್ಸಿನಲ್ಲಿಯೂ ಒಂದೇ ನಿಯಮ ಕೆಲಸ ಮಾಡುತ್ತದೆ, ಆ ನಿಯಮದ ಮೂಲದಲ್ಲಿ ಚೈತನ್ಯಮಯವಾದ ಏಕತೆಯೊಂದಿದೆ, ಅದೇ ದೇವರು ಎಂಬ ನಂಬಿಕೆ ಬಲವಾಯಿತು. 1826ರ ‘ಮಾನವ ಶಿಕ್ಷಣ’ ಎಂಬ ಅವನ ಗ್ರಂಥ ಈ ಪ್ರತಿಜ್ಞೆಯಿಂದಲೇ ತೊಡಗುತ್ತದೆ. 1837ರಲ್ಲಿ ಬಾಡ್ ಬ್ಲಾಂಕೆನ್‌ಬರ್ಗ್ ಊರಿನಲ್ಲಿ ಅವನು ತೆರೆದ ಸಂಸ್ಥೆಗೆ 1840ರಲ್ಲಿ ಕಿಂಡರ್‌ಗಾರ್ಟನ್ ಎಂಬ ಹೆಸರು ಬಂತು. ‘ಕೊಡುಗೆಗಳು’ ಎಂದು ಅವನು ಕರೆದ ಆಟಿಕೆಗಳ ಶ್ರೇಣಿಯಲ್ಲಿ ಮೊದಲನೆಯದು ಆರು ಬಣ್ಣಗಳ ಮೆತ್ತನೆಯ ಉಣ್ಣೆಯ ಚೆಂಡುಗಳು. ಎರಡನೆಯದು ಮರದ ಗೋಳ, ಘನ ಮತ್ತು ಸಿಲಿಂಡರ್. ಮೂರನೆಯದು ಎಂಟು ಸಣ್ಣ ಘನಗಳಾಗಿ ಬಿಚ್ಚಿ ಮತ್ತೆ ಒಂದಾಗಿ ಕೂಡಿಸಬಹುದಾದ ಒಂದು ಘನ. ಒಂದು ಹಲವಾಗುವುದು, ಹಲವು ಮರಳಿ ಒಂದಾಗುವುದು ಮಗುವಿನ ಕೈಯಲ್ಲಿಯೇ ನಡೆಯಬೇಕೆಂಬುದು ಅವನ ಆಶಯ.

ಅವನ ತೋಟದ ವಿನ್ಯಾಸದಲ್ಲಿಯೂ ಇದೇ ತತ್ತ್ವವಿದೆ. ಪ್ರತಿಯೊಂದು ಮಗುವಿಗೂ ತನ್ನದೇ ಆದ ಪುಟ್ಟ ಪಾತಿಯಿರಬೇಕು, ಆ ಪಾತಿಗಳನ್ನು ಎಲ್ಲ ಮಕ್ಕಳೂ ಕೂಡಿ ನೋಡಿಕೊಳ್ಳುವ ಸಾಮೂಹಿಕ ಪಾತಿಗಳು ಸುತ್ತುವರಿದಿರಬೇಕು, ಬಿಡಿಯನ್ನು ಇಡಿ ಕಾಯುತ್ತದೆ ಎಂಬುದು ಮಗುವಿಗೆ ನೆಲದ ಮೇಲೆಯೇ ಗೋಚರಿಸಬೇಕು ಎಂದು ಅವನು ಯೋಜಿಸಿದ್ದ. ಇಷ್ಟು ದೈವಭಕ್ತನಾದವನ ಶಾಲೆಗಳನ್ನು 1851ರಲ್ಲಿ ಪ್ರಶ್ಯದ ಸರ್ಕಾರ ನಾಸ್ತಿಕ ಮತ್ತು ಸಮಾಜವಾದಿ ವಿಚಾರಗಳನ್ನು ಹರಡುತ್ತವೆಂಬ ಆರೋಪದ ಮೇಲೆ ನಿಷೇಧಿಸಿತು. ತೀವ್ರವಾದಿ ವಿಚಾರಗಳನ್ನು ಬರೆಯುತ್ತಿದ್ದ ಅವನ ಅಣ್ಣನ ಮಗ ಕಾರ್ಲ್ ಫ್ರೋಬೆಲ್‌ನೊಡನೆ ಅವನನ್ನು ಬೆರಸಿಕೊಂಡದ್ದು ಇದಕ್ಕೆ ಒಂದು ಕಾರಣ. ಫ್ರೋಬೆಲ್ 1852ರಲ್ಲಿ ತೀರಿಕೊಂಡ. ನಿಷೇಧ ತೆರವಾದದ್ದು 1860ರಲ್ಲಿ. ಆರೋಪ ತಪ್ಪಾಗಿದ್ದರೂ ಅದರ ಹಿಂದಿನ ಅಳುಕು ಪೂರ್ತಿ ಅರ್ಥಹೀನವಲ್ಲ: ಪ್ರಶ್ನೋತ್ತರಮಾಲೆಯನ್ನು ಬಾಯಿಪಾಠ ಮಾಡುವ ಬದಲು ಮಗು ಮಣ್ಣಿನಲ್ಲಿ ದೇವರನ್ನು ಕಾಣಬಲ್ಲದು ಎಂದಾದರೆ, ದೇವರನ್ನು ತೋರಿಸಿಕೊಡುವ ಅಧಿಕಾರ ಯಾರ ಕೈಯಲ್ಲಿರುತ್ತದೆ ಎಂಬ ಪ್ರಶ್ನೆ ಏಳದೆ ಇರುವುದಿಲ್ಲ.

ಫ್ರೋಬೆಲ್‌ನ ವಿಧಾನಕ್ಕೆ ಗಂಭೀರ ಆಕ್ಷೇಪ ಬಂದದ್ದು ಬೇರೆ ದಿಕ್ಕಿನಿಂದ. ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ 1916ರ ‘ಪ್ರಜಾಪ್ರಭುತ್ವ ಮತ್ತು ಶಿಕ್ಷಣ’ ಕೃತಿಯಲ್ಲಿ, ಮಕ್ಕಳನ್ನು ವೃತ್ತಾಕಾರದಲ್ಲಿ ಕೂರಿಸುವುದು ಅನುಕೂಲ ಎಂಬಷ್ಟಕ್ಕೇ ನಿಲ್ಲದೆ, ವೃತ್ತ ಮನುಕುಲದ ಸಮಷ್ಟಿ ಜೀವನದ ಸಂಕೇತ ಎಂಬ ಕಾರಣಕ್ಕಾಗಿ ಕೂರಿಸುವ ಪದ್ಧತಿಯನ್ನು ಟೀಕಿಸಿದ. ಸಂಕೇತ ಮೊದಲೇ ಸಿದ್ಧವಾಗಿದ್ದು ವಸ್ತು ಅದಕ್ಕೆ ಉದಾಹರಣೆಯಾಗಿ ಮಾತ್ರ ಬಂದಾಗ, ಮಗು ಮುಟ್ಟುವುದು ಚೆಂಡನ್ನಾದರೂ ಶಿಕ್ಷಕರು ಕಾಣುವುದು ಏಕತೆಯನ್ನು. ಇಬ್ಬರೂ ಒಂದೇ ಕೋಣೆಯಲ್ಲಿದ್ದು ಬೇರೆ ಬೇರೆ ವಸ್ತುಗಳೊಡನೆ ವ್ಯವಹರಿಸುತ್ತಿರುತ್ತಾರೆ. ಕನ್ನಡದ ಶಿಶುಪಾಠಗಳಲ್ಲಿ ಇರುವೆ ದುಡಿಮೆಗೂ ಜೇನು ಒಗ್ಗಟ್ಟಿಗೂ ನಿದರ್ಶನವಾಗಿ ನಿಲ್ಲುವುದು ಇದೇ ಜಾಡಿನ ಚಿಕ್ಕ ರೂಪ. ಇರುವೆಯನ್ನು ನೋಡುವ ಮೊದಲೇ ಅದರ ನೀತಿ ಗೊತ್ತಾಗಿರುವ ಮಗುವಿಗೆ, ಅದು ಸತ್ತ ಕಣಜದ ರೆಕ್ಕೆಯನ್ನು ಹಿಡಿದು ಹಿಂದಕ್ಕೆ ಹಿಂದಕ್ಕೆ ಎಳೆಯುವುದು, ದಾರಿಗೆ ಅಡ್ಡ ಇಟ್ಟ ಬೆರಳನ್ನು ಮೀಸೆಯಿಂದ ತಡವಿ ನೋಡಿ ಬಳಸಿಕೊಂಡು ಹೋಗುವುದು, ಇನ್ನೊಂದು ಇರುವೆಯ ಎದುರು ಕ್ಷಣಕಾಲ ನಿಲ್ಲುವುದು ಕಣ್ಣಿಗೆ ಬೀಳುವ ಅವಕಾಶ ಕಡಿಮೆ.

ಮಾರಿಯಾ ಮಾಂಟೆಸ್ಸರಿ ಈ ಸಂಕೇತಗಳ ಭಾರವನ್ನು ಬಹುಮಟ್ಟಿಗೆ ಇಳಿಸಿದಳು. 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಅವಳು ಆರಂಭಿಸಿದ ಮಕ್ಕಳ ಮನೆಯಲ್ಲಿ ಬಳಸಿದ ಮರದ ಹಲಗೆಯೊಂದರಲ್ಲಿ ಹತ್ತು ಗುಳಿಗಳು, ಅವುಗಳಿಗೆ ಹೊಂದುವ ಹತ್ತು ಸಿಲಿಂಡರ್‌ಗಳು ಇರುತ್ತವೆ. ಒಂದನ್ನು ತಪ್ಪಾದ ಗುಳಿಯಲ್ಲಿ ಇಟ್ಟರೆ ಕೊನೆಗೆ ಒಂದು ಸಿಲಿಂಡರ್ ಜಾಗವಿಲ್ಲದೆ ಉಳಿಯುತ್ತದೆ, ತಪ್ಪನ್ನು ಎತ್ತಿ ತೋರಿಸುವ ಕೆಲಸವನ್ನು ವಸ್ತುವೇ ಮಾಡುತ್ತದೆ. ಶಿಕ್ಷಕಿಯ ಅಧಿಕಾರದ ಒಂದು ಭಾಗ ಹೀಗೆ ಮರದ ತುಂಡಿಗೆ ವರ್ಗಾವಣೆಯಾಯಿತು. ಶ್ರದ್ಧಾವಂತ ಕ್ಯಾಥೊಲಿಕ್ ಆಗಿದ್ದ ಅವಳು ಗಿಡ ಮತ್ತು ಪ್ರಾಣಿಗಳ ಪಾಲನೆಯ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಿತ್ತಿದ ಮಗು ತಾಳ್ಮೆಯನ್ನೂ ಭರವಸೆಯಿಂದ ಕಾಯುವುದನ್ನೂ ಕಲಿಯುತ್ತದೆ, ಹಾಗೆ ಕಾಯುವುದು ಶ್ರದ್ಧೆಯ ಒಂದು ರೂಪ ಎಂದು ಭಾವಿಸಿದಳು. 1939ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಆಹ್ವಾನದ ಮೇಲೆ ಅಡ್ಯಾರಿಗೆ ಬಂದು, ಯುದ್ಧದ ಕಾರಣ ಹಿಂತಿರುಗಲಾರದೆ ಭಾರತದಲ್ಲಿಯೇ ಉಳಿದು, ಕೊಡೈಕನಾಲಿನಲ್ಲಿ ಮಗನೊಡನೆ ಕೆಲಸ ಮಾಡುತ್ತ ಅವಳು ಬೆಳೆಸಿದ ‘ವಿಶ್ವಶಿಕ್ಷಣ’ದ ಕಲ್ಪನೆ, ಅಂದರೆ ಪ್ರತಿ ಜೀವಿಯೂ ತನಗೆ ಅರಿವಿಲ್ಲದೆಯೇ ಇಡೀ ವಿಶ್ವಕ್ಕೆ ಒಂದು ಸೇವೆ ಸಲ್ಲಿಸುತ್ತಿದೆ ಎಂಬ ದೃಷ್ಟಿ, ಈ ಮಾತಿನ ವಿಸ್ತರಣೆಯೇ ಆಗಿದೆ. ಕಾಯುವುದನ್ನು ಶ್ರದ್ಧೆ ಎಂದು ಕರೆಯುವುದರ ಅರ್ಥವೇನು ಎಂಬುದನ್ನು ನೋಡುವುದಕ್ಕೆ ಮೊದಲು, ಮಾತು ಮತ್ತು ಅನುಭವಗಳ ಸಂಬಂಧದ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಬೇಕು.

ಭಾರತೀಯ ದಾರ್ಶನಿಕರಲ್ಲಿ ಈ ಪ್ರಶ್ನೆ ಪ್ರತ್ಯಕ್ಷ ಪ್ರಮಾಣದ ಚರ್ಚೆಯಲ್ಲಿ ಬರುತ್ತದೆ, ಅಲ್ಲಿ ಮಗು ಒಂದು ನಿದರ್ಶನವಾಗಿಯೇ ಕಾಣಿಸಿಕೊಳ್ಳುತ್ತದೆ ಎಂಬುದು ಗಮನಾರ್ಹ. ಬೌದ್ಧ ತಾರ್ಕಿಕ ದಿಙ್ನಾಗನ ಪ್ರಕಾರ ಪ್ರತ್ಯಕ್ಷವೆಂದರೆ ಕಲ್ಪನೆ ಬೆರೆಯದ ಅರಿವು; ಹೆಸರು, ಜಾತಿ, ಗುಣಗಳೆಲ್ಲ ಮನಸ್ಸು ಅನಂತರ ಜೋಡಿಸಿದವು. ಐದನೆಯ ಶತಮಾನದ ವ್ಯಾಕರಣ ದಾರ್ಶನಿಕ ಭರ್ತೃಹರಿಯದು ಇದಕ್ಕೆ ಪೂರ್ತಿ ವಿರುದ್ಧವಾದ ನಿಲುವು: ಶಬ್ದದ ಬೆಸುಗೆಯಿಲ್ಲದ ಅರಿವು ಲೋಕದಲ್ಲಿ ಇಲ್ಲವೇ ಇಲ್ಲ, ಇನ್ನೂ ಮಾತು ಬಾರದ ಮಗು ಕೂಡ ತನ್ನಲ್ಲಿ ಹಿಂದಿನಿಂದ ಉಳಿದ ಶಬ್ದಸಂಸ್ಕಾರದ ಬಲದಿಂದಲೇ ಏನು ಮಾಡಬೇಕೆಂಬುದನ್ನು ತಿಳಿಯುತ್ತದೆ. ಮೀಮಾಂಸಕ ಕುಮಾರಿಲ ಭಟ್ಟ ಇವರಿಬ್ಬರ ನಡುವೆ ನಿಲ್ಲುತ್ತಾನೆ. ವಸ್ತುವಿನ ಮೇಲೆ ಕಣ್ಣು ಬಿದ್ದ ಮೊದಲ ಕ್ಷಣದಲ್ಲಿ ಹೆಸರಿನ ಸೋಂಕಿಲ್ಲದ ಒಂದು ಅರಿವು ಹುಟ್ಟುತ್ತದೆ, ಅದು ಎಳೆಯ ಮಕ್ಕಳ ಮತ್ತು ಮೂಕರ ಅರಿವಿನಂತೆ ಇರುತ್ತದೆ ಎಂದು ಅವನು ಹೇಳುತ್ತಾನೆ. ಇದಕ್ಕೆ ನಿರ್ವಿಕಲ್ಪಕವೆಂದು ಹೆಸರು. ಆಮೇಲೆ ಅದೇ ವಸ್ತುವನ್ನು ಇದು ಇಂಥದು ಎಂದು ಗುರುತಿಸುವ ಸವಿಕಲ್ಪಕವೂ ಪ್ರತ್ಯಕ್ಷವೇ ಎಂದು ಅವನು ಒಪ್ಪುತ್ತಾನೆ.

ಶಿಶುವಿಹಾರದ ದೃಷ್ಟಿಯಿಂದ ಈ ಮೂರು ಮತಗಳು ಮೂರು ಬಗೆಯ ಶಿಕ್ಷಣಕ್ರಮಗಳಿಗೆ ಒಯ್ಯುತ್ತವೆ. ದಿಙ್ನಾಗನನ್ನು ಅನುಸರಿಸಿದರೆ ಶಿಕ್ಷಕರ ಮಾತು ಮಗುವಿಗೂ ವಸ್ತುವಿಗೂ ನಡುವೆ ತೆರೆಯಾಗುತ್ತದೆ, ಆದ್ದರಿಂದ ಅವರು ಸುಮ್ಮನಿರುವುದೇ ಮೇಲು. ಭರ್ತೃಹರಿಯನ್ನು ಅನುಸರಿಸಿದರೆ ಹೆಸರಿಲ್ಲದ ಸ್ಪರ್ಶ ಮನಸ್ಸಿನಲ್ಲಿ ನೆಲೆಯೂರುವುದಿಲ್ಲ, ಆದ್ದರಿಂದ ಮಾತು ಮೊದಲಿನಿಂದಲೂ ಜೊತೆಗಿರಬೇಕು. ಕುಮಾರಿಲನನ್ನು ಅನುಸರಿಸಿದರೆ ಮೊದಲ ನೋಟಕ್ಕೆ ಅದರದೇ ಆದ ಅವಕಾಶ ಕೊಟ್ಟು, ಆಮೇಲೆ ಹೆಸರು ಬರಬೇಕು. ಮಗು ಭಾಷೆಯನ್ನು ಹೇಗೆ ಕಲಿಯುತ್ತದೆ ಎಂಬುದಕ್ಕೆ ಮೀಮಾಂಸಕರು ಕೊಡುವ ವಿವರಣೆ ಈ ಮೂರನೆಯ ದಾರಿಯನ್ನು ಇನ್ನಷ್ಟು ಗಟ್ಟಿಗೊಳಿಸುತ್ತದೆ. ಹಿರಿಯನೊಬ್ಬ ಇನ್ನೊಬ್ಬನಿಗೆ ಹಸುವನ್ನು ತರುವಂತೆ ಹೇಳುತ್ತಾನೆ. ಅವನು ಹೋಗಿ ಹಸುವನ್ನು ತರುತ್ತಾನೆ. ಪಕ್ಕದಲ್ಲಿರುವ ಮಗು ಇದನ್ನು ನೋಡುತ್ತದೆ. ಇನ್ನೊಮ್ಮೆ ಕುದುರೆಯನ್ನು ತರುವಂತೆಯೂ ಹಸುವನ್ನು ಕಟ್ಟುವಂತೆಯೂ ಮಾತು ಬಂದಾಗ, ಯಾವ ಶಬ್ದ ಬದಲಾದಾಗ ಯಾವ ವಸ್ತು, ಯಾವ ಕೆಲಸ ಬದಲಾಯಿತು ಎಂಬುದನ್ನು ಕೂಡಿಸಿ ಕಳೆದು ಮಗು ಶಬ್ದಗಳ ಅರ್ಥವನ್ನು ಬಿಡಿಸಿಕೊಳ್ಳುತ್ತದೆ. ಇದಕ್ಕೆ ವೃದ್ಧವ್ಯವಹಾರ, ಎಂದರೆ ಹಿರಿಯರ ನಡವಳಿಕೆಯಿಂದ ಕಲಿಯುವುದು, ಎಂಬ ಹೆಸರಿದೆ. ಮಾತೇ ಕೆಲಸದ ನಡುವೆ ಹುಟ್ಟಿಕೊಳ್ಳುತ್ತದೆ ಎಂದ ಮೇಲೆ, ಮಾತಿನ ಕಲಿಕೆ ಮತ್ತು ಕೈಯ ಕಲಿಕೆ ಎಂದು ಎರಡು ಪಕ್ಷಗಳನ್ನು ಕಟ್ಟುವುದಕ್ಕೆ ಆಧಾರ ಉಳಿಯುವುದಿಲ್ಲ.

ಛಾಂದೋಗ್ಯ ಉಪನಿಷತ್ತಿನ ನಾಲ್ಕನೆಯ ಅಧ್ಯಾಯದ ಸತ್ಯಕಾಮ ಜಾಬಾಲನ ಕಥೆಯಲ್ಲಿಯೂ ಇದೇ ಸಮತೋಲವಿದೆ. ತಂದೆ ಯಾರೆಂದು ತಿಳಿಯದ, ತಾಯಿಯ ಹೆಸರನ್ನೇ ಹೇಳಿಕೊಂಡು ಬಂದ ಈ ಹುಡುಗನಿಗೆ ಗುರು ಬಡಕಲಾದ ನಾನೂರು ಹಸುಗಳನ್ನು ಒಪ್ಪಿಸುತ್ತಾನೆ. ಅವು ಸಾವಿರವಾಗುವವರೆಗೂ ಅವನು ಕಾಡಿನಲ್ಲಿಯೇ ಇರುತ್ತಾನೆ. ಎತ್ತು, ಬೆಂಕಿ, ಹಂಸ, ನೀರುಹಕ್ಕಿ ಇವು ಅವನಿಗೆ ಬ್ರಹ್ಮದ ಒಂದೊಂದು ಪಾದವನ್ನು ತಿಳಿಸುತ್ತವೆ. ಹಿಂತಿರುಗಿದವನ ಮುಖದ ಕಳೆಯನ್ನು ಕಂಡು ಗುರು ವಿಚಾರಿಸಿದಾಗ, ತನಗೆ ಕಲಿಸಿದವರು ಮನುಷ್ಯರಲ್ಲ ಎಂದು ಹೇಳಿಯೂ, ಆಚಾರ್ಯನಿಂದ ತಿಳಿದ ವಿದ್ಯೆಯೇ ನೆಲೆ ನಿಲ್ಲುತ್ತದೆಂದು ಅವನು ಗುರುವಿನ ಉಪದೇಶವನ್ನು ಬೇಡುತ್ತಾನೆ. ಗುರು ಹೇಳುವುದೂ ಅದನ್ನೇ, ಅದರಲ್ಲಿ ಯಾವುದೂ ಬಿಟ್ಟುಹೋಗುವುದಿಲ್ಲ. ನಿಸರ್ಗದಿಂದ ಪಡೆದದ್ದಕ್ಕೆ ಗುರುವಿನ ಮಾತು ಹೊಸದೇನನ್ನೂ ಸೇರಿಸುವುದಿಲ್ಲವಾದರೂ, ಅದನ್ನು ಒಪ್ಪಿ ಸ್ಥಿರಗೊಳಿಸುತ್ತದೆ.

ಕೈಯಿಂದ ಮಾಡಿ ತಿಳಿಯುವ ವಿಧಾನದ ಅತ್ಯಂತ ಪರಿಪಕ್ವವಾದ ನಿದರ್ಶನ ಅದೇ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿದೆ. ಹನ್ನೆರಡನೆಯ ವಯಸ್ಸಿನಲ್ಲಿ ಗುರುಕುಲಕ್ಕೆ ಹೋಗಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಸಕಲ ವೇದಗಳನ್ನೂ ಕಲಿತು ಬೀಗುತ್ತ ಮನೆಗೆ ಬಂದ ಶ್ವೇತಕೇತುವಿಗೆ ತಂದೆ ಉದ್ದಾಲಕ ಆರುಣಿ ಉಪನ್ಯಾಸವನ್ನಷ್ಟೇ ಕೊಡುವುದಿಲ್ಲ, ಪ್ರಯೋಗಗಳನ್ನೂ ಮಾಡಿಸುತ್ತಾನೆ. ಮನಸ್ಸು ಅನ್ನದಿಂದ ಆದದ್ದು ಎಂದು ತೋರಿಸಲು ಹದಿನೈದು ದಿನ ನೀರನ್ನು ಮಾತ್ರ ಕುಡಿದು ಉಪವಾಸವಿರುವಂತೆ ಹೇಳಿ, ಆಮೇಲೆ ವೇದಮಂತ್ರಗಳನ್ನು ಕೇಳುತ್ತಾನೆ. ಕಲಿತದ್ದೊಂದೂ ಮಗನ ನೆನಪಿಗೆ ಬರುವುದಿಲ್ಲ. ಊಟವಾದ ಮೇಲೆ ಎಲ್ಲವೂ ಮರಳುತ್ತದೆ. ಮುಂದೆ ಆಲದ ಹಣ್ಣನ್ನು ತರಿಸಿ ಒಡೆಯಿಸುತ್ತಾನೆ. ಏನು ಕಾಣುತ್ತದೆ ಎಂದು ಕೇಳಿದಾಗ ಮಗನಿಗೆ ಕಾಣುವುದು ಸಣ್ಣ ಸಣ್ಣ ಬೀಜಗಳು. ಅವುಗಳಲ್ಲಿ ಒಂದನ್ನು ಒಡೆಯಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾನೆ. ಈಗ ಏನೂ ಕಾಣುತ್ತಿಲ್ಲ ಎಂದು ಮಗ ಉತ್ತರಿಸುತ್ತಾನೆ. ಕಾಣದ ಆ ಸೂಕ್ಷ್ಮದಿಂದಲೇ ಇಷ್ಟು ದೊಡ್ಡ ಆಲದ ಮರ ಎದ್ದು ನಿಂತಿದೆ ಎಂದು ತಿಳಿಸಿ, ಇಲ್ಲಿ ಶ್ರದ್ಧೆಯಿಡಬೇಕೆಂದು ಉದ್ದಾಲಕ ಹೇಳುತ್ತಾನೆ.

ಈ ಸಂವಾದದಲ್ಲಿ ಎರಡು ಸಂಗತಿಗಳು ಶಿಶುಶಿಕ್ಷಣಕ್ಕೆ ನೇರವಾಗಿ ಸಲ್ಲುತ್ತವೆ. ಒಂದು, ಏನೂ ಕಾಣುತ್ತಿಲ್ಲ ಎಂಬ ಉತ್ತರವನ್ನು ತಂದೆ ಸರಿಯಾದ ಉತ್ತರವೆಂದೇ ಸ್ವೀಕರಿಸುತ್ತಾನೆ. ಸಾಮಾನ್ಯ ತರಗತಿಯಲ್ಲಿ ಈ ಉತ್ತರ ದಡ್ಡತನದ ಗುರುತು; ಮಗು ಶಿಕ್ಷಕರ ಮುಖ ನೋಡಿ, ಅವರು ನಿರೀಕ್ಷಿಸುವುದನ್ನು ಊಹಿಸಿ, ಕಾಣದ್ದನ್ನು ಕಂಡೆನೆಂದು ಹೇಳುವುದನ್ನು ಬೇಗ ಕಲಿಯುತ್ತದೆ. ಎರಡು, ಶ್ರದ್ಧೆಯ ಮಾತು ಬರುವುದು ನೋಟ ಮುಗಿದ ಮೇಲೆ. ನೋಟಕ್ಕೆ ಬದಲಾಗಿ ಅದು ಬರುವುದಿಲ್ಲ. ಹಣ್ಣನ್ನು ಒಡೆಯದೆ, ಬೀಜವನ್ನು ಒಡೆಯದೆ, ನಂಬು ಎಂದಿದ್ದರೆ ಅದು ಅಪ್ಪಣೆಯಾಗುತ್ತಿತ್ತು. ಅತಿ ಸೂಕ್ಷ್ಮವಾದ ವಿಷಯವು ಯುಕ್ತಿಯಿಂದಲೂ ಆಗಮದಿಂದಲೂ ಸ್ಥಾಪಿತವಾಗಿದ್ದರೂ ಹೊರಗಿನ ವಿಷಯಗಳಲ್ಲಿ ಅಂಟಿಕೊಂಡ ಮನಸ್ಸಿಗೆ ಹತ್ತುವುದಿಲ್ಲ, ಶ್ರದ್ಧೆಯಿದ್ದಾಗ ತಿಳಿಯಬೇಕಾದ ವಿಷಯದಲ್ಲಿ ಮನಸ್ಸು ನಿಲ್ಲುತ್ತದೆ ಎಂದು ಶಂಕರರ ಭಾಷ್ಯ ಈ ಸಂದರ್ಭವನ್ನು ವಿವರಿಸುತ್ತದೆ. ಹೀಗೆ ನೋಡಿದರೆ ಶ್ರದ್ಧೆ ಎಂಬುದು ಒಂದು ಸಿದ್ಧಾಂತಕ್ಕೆ ಕೊಡುವ ಒಪ್ಪಿಗೆ ಎನ್ನುವುದಕ್ಕಿಂತ, ಇಂದ್ರಿಯಗಳು ಸೋತ ಜಾಗದಲ್ಲಿಯೂ ಗಮನವನ್ನು ಹಿಂತೆಗೆಯದೆ ನಿಲ್ಲುವ ಮನಸ್ಸಿನ ಸ್ಥಿತಿ ಎನ್ನುವುದು ಹೆಚ್ಚು ಸರಿ.

ಮುಂದಿನ ಉಪ್ಪಿನ ಪ್ರಯೋಗ ಇದಕ್ಕೆ ಪೂರಕ. ರಾತ್ರಿ ನೀರಿಗೆ ಹಾಕಿದ ಉಪ್ಪನ್ನು ಬೆಳಿಗ್ಗೆ ತೆಗೆದುಕೊಡಲು ಮಗನಿಂದ ಆಗುವುದಿಲ್ಲ. ಪಾತ್ರೆಯ ಒಂದು ಬದಿಯಿಂದ, ನಡುವಿನಿಂದ, ಇನ್ನೊಂದು ಬದಿಯಿಂದ ನೀರನ್ನು ನಾಲಗೆಗೆ ಹಾಕಿಕೊಂಡಾಗ ಎಲ್ಲ ಕಡೆಯೂ ಉಪ್ಪು. ಕಣ್ಣಿಗೂ ಕೈಗೂ ಸಿಗದದ್ದು ನಾಲಗೆಗೆ ಸಿಕ್ಕಿತು. ಒಂದು ದಾರಿ ಮುಚ್ಚಿದ ಮಾತ್ರಕ್ಕೆ ವಸ್ತು ಇಲ್ಲವೆಂದಲ್ಲ. ಬೀಜದ ಪ್ರಯೋಗ ಇಂದ್ರಿಯಗಳ ಎಲ್ಲೆಯನ್ನು ತೋರಿಸಿದರೆ, ಉಪ್ಪಿನ ಪ್ರಯೋಗ ಆ ಎಲ್ಲೆಯನ್ನು ಅವಸರದಿಂದ ಗೊತ್ತುಮಾಡಬಾರದು ಎಂಬ ಎಚ್ಚರವನ್ನು ಕಲಿಸುತ್ತದೆ.

ಶ್ವೇತಕೇತು ಇಪ್ಪತ್ತನಾಲ್ಕು ವರ್ಷದ ಪಂಡಿತ, ಅಂಗನವಾಡಿಯ ಮಗು ನಾಲ್ಕು ವರ್ಷದ್ದು. ಆತ್ಮವಿದ್ಯೆಗಾಗಿ ಮಾಡಿಸಿದ ಪ್ರಯೋಗವನ್ನು ಶಿಶುವಿಹಾರಕ್ಕೆ ತರುವುದು ಎಷ್ಟು ಸರಿ ಎಂದು ಆಕ್ಷೇಪಿಸಬಹುದು. ಇಲ್ಲಿ ತರಬೇಕಾದದ್ದು ಉಪದೇಶವನ್ನಲ್ಲ, ಕ್ರಮವನ್ನು: ಕಲಿಯುವವನೇ ತರುವುದು, ಅವನೇ ಒಡೆಯುವುದು, ಕಂಡದ್ದನ್ನು ಅವನೇ ಹೇಳುವುದು, ಕಲಿಸುವವನು ಕೇಳಿ ಕಾಯುವುದು. ಮಕ್ಕಳ ಸಾಮಾನ್ಯ ಚಟುವಟಿಕೆಯೊಂದನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ತೆಂಗಿನ ಕರಟದಲ್ಲಿ ಮಣ್ಣು ತುಂಬಿ ಅಲಸಂದೆ ಕಾಳನ್ನು ಹೂತ ಮಗು ಮಾರನೆಯ ದಿನವೇ ಬಂದು ಬೆರಳಿನಿಂದ ಮಣ್ಣನ್ನು ಕೆದಕಿ, ಕಾಳನ್ನು ಹೊರಗೆ ತೆಗೆದು, ಅದು ಉಬ್ಬಿದೆಯೇ ಎಂದು ನೋಡಿ ಮತ್ತೆ ಹೂಳುತ್ತದೆ. ಮೂರನೆಯ ದಿನ ಹೀಗೆ ಮಾಡುವಾಗ ಆಗಷ್ಟೇ ಇಣುಕಿದ ಬೇರಿನ ತುದಿ ಮುರಿಯುತ್ತದೆ. ಕೆದಕಬೇಡ ಎಂದು ಗದರಿಸಿದರೆ ಮಗು ಕಲಿಯುವುದು ವಿಧೇಯತೆಯನ್ನು. ಅದೇ ಕಾಳುಗಳಲ್ಲಿ ಕೆಲವನ್ನು ಗಾಜಿನ ಲೋಟದ ಒಳಮೈಗೂ ಒದ್ದೆ ಕಾಗದಕ್ಕೂ ನಡುವೆ ಇಟ್ಟರೆ, ಬೇರು ಮೊದಲು ಬರುವುದೂ, ಕಾಳನ್ನು ಹೇಗೆ ತಿರುಗಿಸಿಟ್ಟರೂ ಬೇರು ಕೆಳಮುಖವಾಗಿಯೇ ಬಾಗುವುದೂ ಕೆದಕದೆ ಕಾಣುತ್ತದೆ. ಗಾಜಿನ ಲೋಟ ಉಪ್ಪಿನ ಪ್ರಯೋಗದ ಸ್ಥಾನದಲ್ಲಿದೆ, ಅದು ನೋಡಲು ಇನ್ನೊಂದು ದಾರಿಯನ್ನು ಕೊಡುತ್ತದೆ. ಮಣ್ಣು ತುಂಬಿದ ಕರಟ ಬೀಜದ ಪ್ರಯೋಗದ ಸ್ಥಾನದಲ್ಲಿದೆ, ಅಲ್ಲಿ ಕಾಣದೆ ಕಾಯಬೇಕು. ಲೋಟವನ್ನು ಮಾತ್ರ ಇಟ್ಟರೆ ಎಲ್ಲವೂ ಕಾಣಲೇಬೇಕೆಂಬ ಹಟ ಬೆಳೆಯುತ್ತದೆ. ಕರಟವನ್ನು ಮಾತ್ರ ಇಟ್ಟರೆ ಕಾಣದ್ದರ ಬಗ್ಗೆ ಹಿರಿಯರು ಹೇಳಿದ್ದೇ ಕೊನೆಯ ಮಾತಾಗುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟಾಗ, ಲೋಟದಲ್ಲಿ ಕಂಡದ್ದರ ಬಲದ ಮೇಲೆ ಕರಟದ ಮುಂದೆ ಮಗು ಕಾಯಬಲ್ಲದು, ಮಾಂಟೆಸ್ಸರಿ ಹೇಳಿದ ಭರವಸೆಯ ಕಾಯುವಿಕೆಗೆ ಆಧಾರ ದೊರೆಯುತ್ತದೆ.

ಮುಟ್ಟುವುದರ ಬಗ್ಗೆಯೇ ಒಂದು ಧಾರ್ಮಿಕ ಆಕ್ಷೇಪವಿದೆ, ಅದನ್ನು ಎತ್ತಿದ್ದು ಜೈನ ಪರಂಪರೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಜೀವಿಗಳನ್ನು ಇಂದ್ರಿಯಗಳ ಸಂಖ್ಯೆಯಿಂದ ವಿಂಗಡಿಸುತ್ತದೆ: ಗಿಡಮರಗಳಿಗೆ ಸ್ಪರ್ಶ ಒಂದೇ, ಹುಳುಗಳಿಗೆ ರುಚಿಯೂ ಸೇರಿ ಎರಡು, ಇರುವೆಗೆ ವಾಸನೆಯೂ ಸೇರಿ ಮೂರು, ದುಂಬಿಗೆ ನೋಟವೂ ಸೇರಿ ನಾಲ್ಕು, ಮನುಷ್ಯ ಮೊದಲಾದವುಗಳಿಗೆ ಐದು. ಜೀವಶಾಸ್ತ್ರದ ಇಂದಿನ ವಿಂಗಡಣೆಗೆ ಇದು ಹೊಂದದಿದ್ದರೂ ಇದರ ಉದ್ದೇಶ ಗಮನಿಸಬೇಕಾದದ್ದು. ಗಿಡಕ್ಕೆ ಬೇರೆ ಯಾವ ಇಂದ್ರಿಯ ಇಲ್ಲದಿದ್ದರೂ ಸ್ಪರ್ಶವಿದೆ ಎಂದಾದರೆ, ಮಗು ಎಲೆಯನ್ನು ಮುಟ್ಟಿದಾಗ ಎಲೆಯೂ ಮುಟ್ಟಿಸಿಕೊಳ್ಳುತ್ತದೆ. ಚಿಟ್ಟೆಯ ರೆಕ್ಕೆಯನ್ನು ಹಿಡಿದು ಕಲಿಯುವುದು, ಮಿಡತೆಯನ್ನು ಬಾಟಲಿಯಲ್ಲಿ ಮುಚ್ಚಿಟ್ಟು ಕಲಿಯುವುದು ಪ್ರತ್ಯಕ್ಷದ ಹೆಸರಿನಲ್ಲಿ ನಡೆಯುವ ಹಿಂಸೆಯಾಗಬಹುದು. ಪ್ರಕೃತಿಯನ್ನು ಕೇವಲ ಸೌಮ್ಯವೆಂದು ತೋರಿಸುವುದೂ ಇದಕ್ಕೆ ಪರಿಹಾರವಲ್ಲ, ಏಕೆಂದರೆ ಗೋಡೆಯ ಹಲ್ಲಿ ಪತಂಗವನ್ನು ನುಂಗುವುದನ್ನು ಮಗು ಹೇಗೂ ನೋಡುತ್ತದೆ, ಸತ್ತ ಗುಬ್ಬಿಯನ್ನು ಕಂಡು ಅದು ಯಾಕೆ ಏಳುವುದಿಲ್ಲ ಎಂದು ಕೇಳುತ್ತದೆ. ನಿಸರ್ಗವನ್ನು ದೇವರ ಏಕತೆಯ ನೇರ ಬಿಂಬವೆಂದು ಕಂಡ ಫ್ರೋಬೆಲ್‌ನ ದರ್ಶನಕ್ಕೆ ಈ ಪ್ರಶ್ನೆ ಕಠಿಣವಾದದ್ದು. ಎಲ್ಲೆಯನ್ನು ಒಪ್ಪುವ ಶಿಕ್ಷಣದಲ್ಲಿ ಮಾತ್ರ, ತಿಳಿಯದು ಎಂಬ ಉತ್ತರವನ್ನು ಶಿಕ್ಷಕರೂ ಕೊಡಬಹುದು.

ಎರಡನೆಯ ಆಕ್ಷೇಪ ಸಾಮಾಜಿಕವಾದದ್ದು. ಯಾರ ಕೈ ಮಣ್ಣನ್ನು ಮುಟ್ಟಬೇಕು, ಯಾರ ಕೈ ಯಾರನ್ನು ಮುಟ್ಟಬಾರದು ಎಂಬುದನ್ನು ಜಾತಿ ನಿರ್ಧರಿಸುತ್ತಿದ್ದ ಸಮಾಜದಲ್ಲಿ, ಕೈಯಿಂದ ಕಲಿಯುವುದು ಬರಿಯ ಬೋಧನಾಕ್ರಮವಾಗಿ ಉಳಿಯಲಾರದು. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು, ಎಂದರೆ ದೇಹದ ದುಡಿಮೆಯನ್ನು, ಪೂಜೆಯ ಮಟ್ಟಕ್ಕೆ ಏರಿಸಿದಾಗ ಹುಲ್ಲು ಕೊಯ್ದು ಹಗ್ಗ ಹೊಸೆಯುವ ನುಲಿಯ ಚಂದಯ್ಯನ ಕೈಗೂ ಅರಿವಿನ ಸ್ಥಾನ ದೊರೆಯಿತು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಕೈಕಸುಬನ್ನು ಶಿಕ್ಷಣದ ಕೇಂದ್ರಕ್ಕೆ ತಂದದ್ದಕ್ಕೂ ಇದೇ ಹಿನ್ನೆಲೆಯಿದೆ. ಮನೆಯಲ್ಲಿ ಸಗಣಿ ಬಾಚುವ, ಮೇಕೆ ಕಾಯುವ ಮಗುವಿಗೆ ಮಣ್ಣಿನ ಪಾಠ ಹೊಸದಲ್ಲ. ಅದರ ಕೈಗೆ ಮೊದಲೇ ಗೊತ್ತಿರುವುದನ್ನು ಶಾಲೆ ಅರಿವೆಂದು ಒಪ್ಪುತ್ತದೆಯೇ ಎಂಬುದು ಅದಕ್ಕೆ ಮುಖ್ಯ. ನಗರದ ಶಾಲೆಗಳು ದುಬಾರಿ ಸಲಕರಣೆಗಳಿಂದ ಕೊಡುವ ಅನುಭವವನ್ನೇ ಪ್ರಕೃತಿ ಶಿಕ್ಷಣವೆಂದು ಕರೆದರೆ ಈ ಅರಿವು ಲೆಕ್ಕಕ್ಕೆ ಬರುವುದಿಲ್ಲ.

ಮೂರನೆಯದು ಸಾರ್ವಜನಿಕ ಶಿಕ್ಷಣದ ಪ್ರಶ್ನೆ. ಸಂವಿಧಾನದ 28ನೆಯ ವಿಧಿಯ ಪ್ರಕಾರ, ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆ ಕೂಡದು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಡಿ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ ಪ್ರಯೋಗವಾಗಿ ಆರಂಭವಾದ ಅಂಗನವಾಡಿಗಳಾಗಲಿ, 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರೇರಣೆಯಿಂದ ಶುರುವಾದ ನಲಿಕಲಿ ಕಲಿಕಾಕ್ರಮವಾಗಲಿ ಎಲ್ಲ ಮತಗಳ ಮಕ್ಕಳಿಗೂ ಸೇರಿದವು. ಇಲ್ಲಿ ಶ್ರದ್ಧೆಯ ಮಾತನ್ನಾಡುವುದು ಒಂದು ಮತದ ತತ್ತ್ವವನ್ನು ಹಿಂಬಾಗಿಲಿನಿಂದ ತಂದಂತೆ ಎಂಬ ಅಳುಕು ನ್ಯಾಯವಾದದ್ದು. ಪಂಚಕೋಶದ ಹೆಸರನ್ನು ಹೇಳಿದ ಮಾತ್ರಕ್ಕೆ ಮಗುವಿನ ಕಲಿಕೆ ಆಳವಾಗುವುದಿಲ್ಲ. ಅದನ್ನು ಬೋಧಿಸಬೇಕಾದ ಸಿದ್ಧಾಂತವಾಗಿ ತೆಗೆದುಕೊಂಡರೆ ಫ್ರೋಬೆಲ್‌ನ ಅನುಯಾಯಿಗಳು ಮಾಡಿದ ತಪ್ಪೇ ಮರುಕಳಿಸುತ್ತದೆ. ಆದರೆ ಗಮನದ ಸ್ಥಿತಿ ಎಂಬ ಅರ್ಥದ ಶ್ರದ್ಧೆಗೆ ದೇವರಲ್ಲಿ ನಂಬಿಕೆಯೂ ಅಗತ್ಯವಿಲ್ಲ ಎಂಬುದಕ್ಕೆ ಕನ್ನಡದಲ್ಲಿಯೇ ಶಿವರಾಮ ಕಾರಂತರ ಉದಾಹರಣೆಯಿದೆ. ದೇವರ ವಿಷಯದಲ್ಲಿ ಸಂಶಯವಾದಿಯಾಗಿದ್ದ ಅವರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು, 1930ರ ದಶಕದಲ್ಲಿಯೇ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಮಕ್ಕಳಿಗಾಗಿ ಬರೆದರು, ಲೋಕವನ್ನು ಕುತೂಹಲದಿಂದ, ಮುನ್ನಿಶ್ಚಯವಿಲ್ಲದೆ ನೋಡುವುದು ಅವರಿಗೆ ಬದುಕಿನ ಧರ್ಮವೇ ಆಗಿತ್ತು.

ಇಷ್ಟೂ ವಿಚಾರಗಳನ್ನು ಒಟ್ಟಿಗೆ ತೆಗೆದುಕೊಂಡರೆ, ಮೊದಲ ಎರಡು ಪ್ರಶ್ನೆಗಳಿಗೆ ಸಿಗುವ ಉತ್ತರ ಒಂದೇ ಕಡೆ ಸೇರುತ್ತದೆ. ಕೈ ಮಾತ್ರ ಅರಿವನ್ನು ಪೂರ್ತಿಗೊಳಿಸಲಾರದು, ಮಾತೂ ಬೇಕು; ಆದರೆ ಮಾತಿಗೆ ಸ್ಥಾನ ಮುಟ್ಟಿದ ಮೇಲೆ ಮತ್ತು ತೀರ್ಮಾನಕ್ಕೆ ಮೊದಲು. ಪ್ರಕೃತಿಯ ಪರಿಶೋಧನೆಗೆ ಧಾರ್ಮಿಕ ಮೌಲ್ಯವಿದೆ. ಆದರೆ ಎಲೆಯಲ್ಲಿಯೂ ಹುಳುವಿನಲ್ಲಿಯೂ ದೇವರನ್ನು ಬೆರಳು ತೋರಿಸಿ ಹೇಳಿದಾಗ ಆ ಮೌಲ್ಯ ಕಡಿಮೆಯಾಗುತ್ತದೆ, ಏಕೆಂದರೆ ಆಗ ಮಗು ಕಂಡದ್ದು ಎಷ್ಟು, ಕೇಳಿದ್ದು ಎಷ್ಟು ಎಂಬ ಗೆರೆ ಅಳಿಸಿಹೋಗುತ್ತದೆ. ಕಂಡದ್ದನ್ನು ಕಂಡೆನೆಂದೂ ಕಾಣದ್ದನ್ನು ಕಾಣಲಿಲ್ಲವೆಂದೂ ಅಂಜದೆ ಹೇಳಲು ಕಲಿತ ಮಗು ಮುಂದೆ ಭಕ್ತನಾಗಬಹುದು, ವಿಜ್ಞಾನಿಯಾಗಬಹುದು, ಸಂಶಯವಾದಿಯೂ ಆಗಬಹುದು. ಮೂವರಲ್ಲಿ ಯಾರಿಗೂ ಈ ಪ್ರಾಮಾಣಿಕತೆ ಇಲ್ಲದೆ ತಮ್ಮ ದಾರಿಯಲ್ಲಿ ಹೆಚ್ಚು ದೂರ ನಡೆಯಲಾಗದು. ಆದ್ದರಿಂದ ಶಿಶುಶಿಕ್ಷಣದ ತರಬೇತಿಯಲ್ಲಿ ಚಟುವಟಿಕೆಗಳ ಪಟ್ಟಿಗಿಂತ ಮುಖ್ಯವಾಗಿ ಕಲಿಸಬೇಕಾದದ್ದು, ಮಗುವಿನ ಉತ್ತರಕ್ಕಾಗಿ ಕಾಯುವ ಮತ್ತು ಆ ಉತ್ತರ ಏನೂ ಇಲ್ಲ ಎಂದಾದರೂ ಅದನ್ನು ಸ್ವೀಕರಿಸುವ ಶಿಸ್ತು. ಉದ್ದಾಲಕನ ವಿಧಾನದಲ್ಲಿ ಶ್ರದ್ಧೆ ಮೊದಲು ಇದ್ದದ್ದು ಕಲಿಸುವವನಲ್ಲಿ.